ಅಮಾವಾಸ್ಯೆಯ ಭತ್ತ

ಗುಲಾಮ್ ದಸ್ತಗೀರ್ ತೀರಿಕೊಂಡ ಸುದ್ದಿ ಮಾನ್ವಿಗೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬಂತು. ಪೋತ್ನಾಳದ ರೈಸ್ ಮಿಲ್ಲಿನಲ್ಲಿ, ಭತ್ತ ಪರೀಕ್ಷಿಸುವ ಮೇಜಿನ ಮುಂದೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಕಾಳು ಕಚ್ಚಿ ತೇವ ಹೇಳುವುದರಲ್ಲೇ ಮೂವತ್ತು ವರ್ಷ ಸವೆಸಿದ ಮನುಷ್ಯ. ಅಣ್ಣನ ಮಗ ಶಕೀಲ್ ಹೋಗಿ ದೇಹವನ್ನು ತಂದ. ಮೊಳೆಗೆ ನೇತುಹಾಕಿದ್ದ ಕೈಚೀಲವನ್ನೂ ತಂದ.

ಚೀಲದಲ್ಲಿ ಊಟದ ಡಬ್ಬಿ ಇತ್ತು, ಕನ್ನಡಕ ಇತ್ತು. ನೋಟ್‌ಬುಕ್ಕು ಮಾತ್ರ ಇರಲಿಲ್ಲ.

"ಚಾಚಾ, ಅವತ್ತು ಮುಂಜಾನಿ ನಾನೇ ಚೀಲದಾಗ ಇಟ್ಟಿದ್ದೆ," ಎಂದಳು ಮಗಳು ನಗ್ಮಾ. ಅವಳ ಕಣ್ಣೀರು ಇನ್ನೂ ಆರಿರಲಿಲ್ಲ.

ಬುರ್ಹಾನುದ್ದೀನ್ ತಲೆಯಾಡಿಸಿದರು. ನಿವೃತ್ತ ಹೆಡ್‌ಮಾಸ್ತರು, ದಸ್ತಗೀರರ ಬಾಲ್ಯದ ಗೆಳೆಯ. ಆ ನೋಟ್‌ಬುಕ್ಕಿನ ಬೆಲೆ ಅವರಿಗೆ ಗೊತ್ತಿತ್ತು.

ರಾಯಚೂರಿನ ಹೊಸ ಮಿಲ್ಲಿಗೆ ಭತ್ತ ಪರೀಕ್ಷಕರು ಬೇಕಾಗಿದ್ದರು. ಮಾನ್ವಿಯ ಕಂಪ್ಯೂಟರ್ ಅಂಗಡಿಯ ನಯೀಮ್, ನಗ್ಮಾಳ ರೆಸ್ಯೂಮಿನಲ್ಲಿ 'ಕಠಿಣ ಪರಿಶ್ರಮಿ, ನಾಯಕತ್ವದ ಗುಣವುಳ್ಳವಳು' ಎಂದು ಬಡಿದಿದ್ದ. ಬುರ್ಹಾನುದ್ದೀನ್ ಕೆಂಪು ಪೆನ್ನಿನಿಂದ ಅಷ್ಟನ್ನೂ ಹೊಡೆದುಹಾಕಿದ್ದರು. "ಹೊಗಳಿಕಿ ಬ್ಯಾಡ ಬೇಟಿ. ಮಾಡಿದ ಕೆಲಸ ಬರಿ. ಅದಕ್ಕ ಸಾಕ್ಷಿ ಹಚ್ಚು."

ಸಾಕ್ಷಿ ಎಂದರೆ ಆ ನೋಟ್‌ಬುಕ್ಕು. ದಸ್ತಗೀರರ ಕಣ್ಣು ಮಂಜಾಗಿ ಕಾಳಿನ ಬಣ್ಣ, ಬಿರುಕು ಕಾಣದಾದ ಮೇಲೆ ಅವರು ಮಾದರಿ ಭತ್ತವನ್ನು ಪೊಟ್ಟಣ ಕಟ್ಟಿ ಸಂಜೆ ಮನೆಗೆ ತರುತ್ತಿದ್ದರು. ನಗ್ಮಾ ಕಚ್ಚಿ ನೋಡುವಳು, ತೇವ ಶೇಕಡಾ ಎಷ್ಟೆಂದು ಹೇಳುವಳು, ತಾರೀಕು, ಊರು ಬರೆದು ಪಕ್ಕದಲ್ಲಿ ನಾಲ್ಕು ಕಾಳು ಅಂಟಿಸುವಳು. ಹೀಗೆ ಆರು ವರ್ಷ. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಅದಕ್ಕೇ ಮಾಲೀಕ ದೊಡ್ಡಪ್ಪನವರ ಸಹಿ ಹಾಕಿಸಲು ದಸ್ತಗೀರ್ ಅಂದು ಅದನ್ನು ಒಯ್ದಿದ್ದರು. "ನನ್ನ ತನಕ ಬರಲೇ ಇಲ್ರೀ," ಎಂದು ದೊಡ್ಡಪ್ಪ ಫೋನಿನಲ್ಲಿ ಹೇಳಿದರು.

ಗುರುವಾರ ಸಂದರ್ಶನ. ನೋಟ್‌ಬುಕ್ಕಿಲ್ಲದೆ ನಗ್ಮಾಳ ಆರು ವರ್ಷ ಬರೀ ಬಾಯಿಮಾತು.

* * *

ಓಣಿಯ ಅನುಮಾನವೆಲ್ಲ ಶಕೀಲನ ಮೇಲೆ. ಚೀಲ ತಂದವನು ಅವನು. ಅದೇ ಕೆಲಸಕ್ಕೆ ಅರ್ಜಿ ಹಾಕಿದವನೂ ಅವನೇ.

"ಬೇಕಾದ್ರ ನನ್ನ ರೆಸ್ಯೂಮ್ ನೋಡ್ರಿ," ಎಂದು ಅವನು ಹಾಳೆ ಮುಂದೆ ಹಿಡಿದ.

ಬುರ್ಹಾನುದ್ದೀನ್ ನಿಧಾನವಾಗಿ ಓದಿದರು. "ಇಂಗ್ಲಿಷ್ ಸರಾಗ ಅಂತ ಅದ. ಬರ್ತದೇನಪ್ಪಾ?"

"ನಯೀಮ್ ಹಾಕ್ಯಾನ್ರಿ. ಎಲ್ಲಾರಿಗೂ ಅದನ್ನ ಹಾಕ್ತಾನ."

"ಟ್ರ್ಯಾಕ್ಟರ್, ಕ್ರಿಕೆಟ್. ಭತ್ತದ ಸುದ್ದಿನೇ ಇಲ್ಲಲ್ಲೋ."

"ಗೊತ್ತಿದ್ರಲ್ಲೇನ್ರಿ ಬರಿಯೋದು?"

ಬುರ್ಹಾನುದ್ದೀನ್ ಹಾಳೆ ಮಡಚಿ ಹಿಂದಿರುಗಿಸಿದರು. "ಇವನಲ್ಲ," ಎಂದರು ನಗ್ಮಾಳಿಗೆ. "ನೋಟ್‌ಬುಕ್ ಕದ್ದವನು ಅದನ್ನ ತನ್ನ ಹಾಳ್ಯಾಗ ತೋರಸ್ದೇ ಬಿಡಾಂಗಿಲ್ಲ."

* * *

ಗುರುವಾರ ನಗ್ಮಾಳ ಜೊತೆ ಅವರೂ ರಾಯಚೂರಿಗೆ ಹೋದರು. ಹೊಸ ಮಿಲ್ಲಿನ ಮಾಲೀಕ ಉದಯಕುಮಾರ ಅವರ ಹಳೆಯ ವಿದ್ಯಾರ್ಥಿ.

"ಸರ್, ನಗ್ಮಾ ಅವರ ಹಾಳ್ಯಾಗ ಪುರಾವೆ ಅದ ಅಂತ ಬರದಾರ, ಪುರಾವೆ ಇಲ್ಲ. ಈ ಮೌನೇಶನ ರೆಸ್ಯೂಮ್ ನೋಡ್ರಿ. ತಾರೀಕು, ಊರು, ತೇವ, ಎಲ್ಲಾ ಅದ. ಪೋತ್ನಾಳ ಮಿಲ್ಲಿನಾಗ ತೂಕದ ಗುಮಾಸ್ತ. ದಸ್ತಗೀರ್ ಸಾಹೇಬ್ರಿಗೆ ಕಣ್ಣು ಕಾಣದಾಗ ಪರೀಕ್ಷೆ ತಾನೇ ಮಾಡಿದ್ದಂತ," ಎಂದ ಉದಯಕುಮಾರ.

ಬುರ್ಹಾನುದ್ದೀನ್ ಸಾಲುಸಾಲಾಗಿ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. 12 ಡಿಸೆಂಬರ್ 2023, ಗಬ್ಬೂರು ಭತ್ತ, ತೇವ ಹದಿನೆಂಟು.

ಅವರು ಹೊರಗೆ ಹೋಗಿ ದೊಡ್ಡಪ್ಪನವರಿಗೆ ಫೋನು ಮಾಡಿ ಬಂದರು. ಸಂದರ್ಶನಕ್ಕೆ ಬಂದು ಹೊರಗೆ ಕಾದಿದ್ದ ಮೌನೇಶನನ್ನು ಕರೆಸಲು ಹೇಳಿದರು.

"ಈ ಗಬ್ಬೂರು ಭತ್ತ ಎಲ್ಲಿ ನೋಡಿದ್ಯಪ್ಪಾ?"

"ನಮ್ಮ ಮಿಲ್ಲಿನಾಗ್ರೀ," ಎಂದ ಮೌನೇಶ.

"ಅವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ನಿಮ್ಮ ಮಾಲೀಕ ದೊಡ್ಡಪ್ಪನವರು ಮಿಲ್ಲಿನ ಬಾಗಿಲು ತೆಗಿಯಾಂಗಿಲ್ಲ, ಒಂದು ಕಾಳೂ ಖರೀದಿ ಮಾಡಾಂಗಿಲ್ಲ. ಈಗಷ್ಟೇ ಕೇಳಿ ಬಂದೆ."

ಮೌನೇಶ ತನ್ನ ಹಾಳೆಯ ಕಡೆ ನೋಡಿದ.

"ಮಿಲ್ ಬಂದ್ ಅಂತ ದಸ್ತಗೀರ್ ಮನ್ಯಾಗ ಇದ್ದ," ಬುರ್ಹಾನುದ್ದೀನ್ ಮುಂದುವರಿಸಿದರು. "ನಾನು ದೇವದುರ್ಗದ ಕಡಿಂದ ಬರ್ತಾ, ಗಬ್ಬೂರಿನ ತಂಗಿ ಹೊಲದ ಭತ್ತ ಒಂದು ಹಿಡಿ ಕರವಸ್ತ್ರದಾಗ ಕಟ್ಟಿಕೊಂಡು ಅವನ ಮನಿಗೆ ಹೋದೆ. ಈ ಹುಡುಗಿ ಕಚ್ಚಿ ಹದಿನೆಂಟು ಅಂದ್ಲು. ಆ ಭತ್ತ ಮಿಲ್ಲಿನ ಗೇಟು ಕಂಡಿಲ್ಲ. ಅದು ಬರದಿದ್ದು ಒಂದೇ ಕಡೆ, ಇಕಿ ನೋಟ್‌ಬುಕ್ಕಿನಾಗ. ತಾರೀಕು ನೋಡಿ ಬರದಿ. ತಿಥಿ ನೋಡಲಿಲ್ಲ."

ಮೌನೇಶ ಎದ್ದುಹೋಗಿ ತನ್ನ ಬೈಕಿನ ಪೆಟ್ಟಿಗೆಯಿಂದ ನೋಟ್‌ಬುಕ್ಕು ತಂದ.

"ಸಾಹೇಬ್ರು ಬಿದ್ದಾಗ ಎಲ್ಲಾರೂ ಅವರ ಕಡೆ ಓಡಿದ್ರು. ಇದು ಮೇಜಿನ ಮ್ಯಾಲೆ ತೆರದು ಬಿದ್ದಿತ್ತು. ಒಂಬತ್ತು ವರ್ಷ ದುಡದು ರೆಸ್ಯೂಮಿನಾಗ ಬರಿಯಾಕ ನಂಗ ಒಂದು ಸಾಲು ಇರಲಿಲ್ರಿ. ಬರಕೊಂಡ ಮ್ಯಾಲೆ ಸುಡಬೇಕಂತ ಮಾಡಿದ್ದೆ. ಕಾಳು ಅಂಟಿಸ್ಯಾರಲ್ರಿ. ಕಾಳಿಗೆ ಬೆಂಕಿ ಹಚ್ಚಾಕ ಕೈ ಬರಲಿಲ್ಲ."

"ಒಂಬತ್ತು ವರ್ಷ ತಕ್ಕಡಿ ಮುಂದ ನಿಂತೀಯಪ್ಪಾ. ಅದನ್ನೇ ಬರೀಬೇಕಿತ್ತು," ಎಂದರು ಬುರ್ಹಾನುದ್ದೀನ್.

ಉದಯಕುಮಾರ ಅವನ ಅರ್ಜಿಯನ್ನು ಬದಿಗೆ ಸರಿಸಿದ. ಒಂದು ತಟ್ಟೆ ಭತ್ತವನ್ನು ನಗ್ಮಾಳ ಮುಂದಿಟ್ಟ. ಅವಳು ಎರಡು ಕಾಳು ಕಚ್ಚಿದಳು.

"ಹದಿನಾಲ್ಕು. ಆದ್ರ ಎರಡು ಚೀಲದ್ದು ಕೂಡಿಸೀರಿ. ಒಂದು ಹಸಿ ಅದ."

ಉದಯಕುಮಾರ ತೇವ ಅಳೆಯುವ ಯಂತ್ರಕ್ಕೆ ಅದೇ ಭತ್ತ ಹಾಕಿ ನೋಡಿದ; ಹದಿನಾಲ್ಕೇ ಬಂತು. ಆಮೇಲೆ ಚೀಲದಿಂದ ತಟ್ಟೆಗೆ ಭತ್ತ ತುಂಬಿ ತಂದಿದ್ದ ಆಳಿನ ಮುಖ ನೋಡಿದ. ಆಳು ಹೌದೆಂದು ತಲೆಯಾಡಿಸಿದ.

"ಸೋಮವಾರದಿಂದ ಬರ್ರಿ," ಎಂದ ಉದಯಕುಮಾರ ನಗ್ಮಾಳಿಗೆ.

* * *

ಸಂಜೆ ಮಾನ್ವಿಯ ಖಬರಸ್ತಾನದಲ್ಲಿ ಹೊಸ ಮಣ್ಣು ಇನ್ನೂ ಒಣಗಿರಲಿಲ್ಲ. ಬುರ್ಹಾನುದ್ದೀನ್ ಫಾತಿಹಾ ಓದಿದರು. "ನಿನ್ನ ಮಗಳು ಗೆದ್ದಳು ದಸ್ತಗೀರ್," ಎಂದರು ಮೆಲ್ಲಗೆ. ಬೊಗಸೆ ಎತ್ತಿದರು.

ಪರವರ್ದಿಗಾರ್, ಇವನು ಬದುಕಿಡೀ ಪರರ ಬೆಳೆಯನ್ನು ನ್ಯಾಯದಿಂದ ಪರೀಕ್ಷಿಸಿದ. ನಿನ್ನ ಮುಂದೆ ಇವನ ಪರೀಕ್ಷೆಯಾಗುವಾಗ ಕರುಣೆಯಿರಲಿ. ಇವನ ತಪ್ಪುಗಳನ್ನು ಮನ್ನಿಸು, ಗೋರಿಗೆ ಬೆಳಕು ಕೊಡು, ಈ ದಣಿದ ಜೀವಕ್ಕೆ ಶಾಂತಿ ಕೊಡು. ಆಮೀನ್.