ಕಣ್ಣೆದುರು ಹಿಂಡಿದ ಕಿತ್ತಳೆ

"ನಿಲ್ಲಿ! ಆ ಗ್ಲಾಸ್ ಬೇಡ!"

ಅವಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಹಣ್ಣಿನ ರಸದ ಅಂಗಡಿ ಇಟ್ಟ ಮೇಲೆ ಅವಳು ಎಂಥೆಂಥ ಗಿರಾಕಿಗಳನ್ನೋ ಕಂಡಿದ್ದಳು. ಆದರೆ ಚೀಲದಿಂದ ಸ್ವಂತ ಗ್ಲಾಸು ತೆಗೆದವನನ್ನು ನೋಡಿದ್ದು ಇದೇ ಮೊದಲು!

"ಇದಕ್ಕೆ ಹಿಂಡಿ. ಹಣ್ಣು ನನ್ನ ಕಣ್ಣೆದುರಿಗೇ ಕೊಯ್ಯಬೇಕು. ಕೈ ಕೆಳಗೆ ಇಳಿಸಬಾರದು."

"ಓಹೋ! ರಸ ಕುಡಿಯೋಕೆ ಬಂದಿದೀರೋ, ನನ್ನ ಕಾವಲಿಗೆ ಬಂದಿದೀರೋ?"

ಅವನು ನಗಲಿಲ್ಲ. ತುಟಿ ಒಣಗಿತ್ತು, ಕಣ್ಣು ಅವಳ ಕೈಗಳ ಮೇಲೇ ಇತ್ತು. ಎದುರಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು ಇವನೇ ಎಂದು ಆಗ ಗುರುತು ಸಿಕ್ಕಿತು.

ಇವಳದು ಬಾಯಿ ಜೋರು, ಮನಸ್ಸು ಬೆಣ್ಣೆ. ಎರಡೂ ಕೈ ಎತ್ತಿ ತೋರಿಸಿ, ಕಿತ್ತಳೆ ಕೊಯ್ದು, ಅವನ ಗ್ಲಾಸಿಗೇ ಹಿಂಡಿದಳು. ಹಸಿದ ಮಗುವಿನ ಹಾಗೆ ಅವನು ಗಟಗಟ ಕುಡಿದ.

ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ.

ಪರಿಚಯ ಬೆಳೆದ ಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದ. "ನನಗೆ ದನಿಗಳು ಕೇಳಿಸ್ತವೆ. ಊಟದಲ್ಲಿ ಏನೋ ಬೆರೆಸ್ತಾರೆ ಅಂತವೆ. ಅಕ್ಕ ಬಡಿಸಿದ್ರೂ ಗಂಟಲಲ್ಲಿ ಇಳಿಯಲ್ಲ. ಇಲ್ಲಿ ಮಾತ್ರ ಹೆದರಿಕೆ ಆಗಲ್ಲ."

"ಯಾಕೆ?"

"ನೀವು ಕೈ ಎತ್ತಿ ತೋರಿಸ್ತೀರಲ್ಲ..."

ಅವಳಿಗೆ ಕರುಳು ಚುರ್ ಎಂದಿತು. ಅದನ್ನು ಮುಚ್ಚಿಕೊಳ್ಳಲು ರೇಗಿಸಿದಳು. "ಹಾಗಾದ್ರೆ ದಿನಾ ಬನ್ನಿ ಕನ್ನಡಕದವ್ರೇ. ನನ್ನ ವ್ಯಾಪಾರಕ್ಕೂ ಒಳ್ಳೇದು."

"ಬರ್ತೀನಿ, ಕಿತ್ತಳೆ."

ಕಿತ್ತಳೆಯಂತೆ! ಆ ಹೆಸರನ್ನು ಅವಳು ದಿನವಿಡೀ ಮೆಲುಕು ಹಾಕಿದಳು. ಬರಬರುತ್ತಾ ಅವನು ಅವಳ ಕೈ ನೋಡುವುದನ್ನು ಬಿಟ್ಟು ಮುಖ ನೋಡತೊಡಗಿದ. ನೀವು ಹೋಗಿ ನೀನು ಬಂತು. ಸ್ವಂತ ಗ್ಲಾಸು ಚೀಲದಲ್ಲೇ ಉಳಿಯತೊಡಗಿತು.

ಎಡವಟ್ಟು ಆಗಿದ್ದು ಅಲ್ಲೇ ನೋಡಿ.

ಒಂದು ಬೆಳಿಗ್ಗೆ ಅವನ ಅಕ್ಕ ಅಂಗಡಿಗೆ ಬಂದಳು. ಸೆರಗಿನ ಮರೆಯಿಂದ ಚಿಕ್ಕ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟಳು.

"ಡಾಕ್ಟರು ಬರೆದುಕೊಟ್ಟ ಔಷಧಿನೇ ಕಣಮ್ಮಾ. ಮಾತ್ರೆ ಕೊಟ್ಟರೆ ಕಿಟಕಿಯಿಂದ ಎಸೀತಾನೆ. ನಿನ್ನ ಕೈಯಿಂದ ಮಾತ್ರ ಏನಾದ್ರೂ ಒಳಗೆ ಹೋಗುತ್ತೆ. ಅವನ ರಸಕ್ಕೆ ಅಳತೆ ಮಾಡಿ ಹಾಕು. ಕಾಲಿಗೆ ಬೀಳ್ತೀನಿ!"

"ಅಕ್ಕಾ, ಅವನು ನನ್ನನ್ನ ನಂಬಿದಾನೆ!"

"ಅದಕ್ಕೇ ನಿನ್ನ ಹತ್ರ ಬಂದೆ."

ಎಂಥಾ ಮಾತು! ಅವಳು ಬೇಡವೆಂದಳು, ಅತ್ತಳು, ಕೊನೆಗೆ ಬಾಟಲಿ ತೆಗೆದುಕೊಂಡಳು. ಅವನ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತಲ್ಲ, ಅದಕ್ಕೆ.

ಸಕ್ಕರೆ ಪಾಕದ ಚಮಚದಲ್ಲಿ ಔಷಧಿ ಬೆರೆಸಲು ಒಂದು ಕ್ಷಣ ಸಾಕಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಗ್ಲಾಸು ಅವನ ಮುಂದೆ ಚಾಚಿದಳು.

'ಕುಡೀಬೇಡ... ಅಯ್ಯೋ, ಕುಡಿ... ದೇವರೇ, ನಾನೇನು ಮಾಡ್ತಿದೀನಿ?'

ಕುಡಿದ. ನಕ್ಕ. ಹೋದ.

ಔಷಧಿ ತನ್ನ ಕೆಲಸ ಮಾಡಿತು. ಅದನ್ನು ಇಲ್ಲವೆನ್ನುವ ಹಾಗಿಲ್ಲ. ದನಿಗಳು ಪಿಸುಮಾತಾದವು, ಆಮೇಲೆ ಅಪರೂಪವಾದವು. ಅವನು ಮನೆಯಲ್ಲಿ ಅನ್ನ ಉಂಡ, ಅಕ್ಕನ ಜೊತೆ ಜಗಳವಾಡಿದ, ಗಿರಾಕಿಗಳೊಂದಿಗೆ ತಮಾಷೆ ಮಾಡಿದ. ಅವನು ಚಿಗುರಿದಷ್ಟೂ ಇವಳು ಬಾಡಿದಳು. ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಲಾರಳು. ಅವನು ಪ್ರೀತಿಯಿಂದ ಕಿತ್ತಳೆ ಎಂದು ಕರೆದಾಗಲೆಲ್ಲ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು.

ಒಂದು ಸಂಜೆ ಅವನು ಕಣ್ಣಲ್ಲಿ ದೀಪ ಹಚ್ಚಿಕೊಂಡು ಬಂದ.

"ಕಿತ್ತಳೆ, ನನ್ನನ್ನ ಮದುವೆ ಆಗ್ತೀಯಾ?"

ಅವಳ ಕೈಯಿಂದ ಹಣ್ಣು ಜಾರಿತು.

"ಒಂದು ಮಾತ್ರೇನೂ ನುಂಗಿಲ್ಲ ನಾನು! ಆದರೂ ಹುಷಾರಾದೆ. ನೀನೇ ನನ್ನ ಔಷಧಿ. ಊಟದಲ್ಲಿ ಬೆರೆಸ್ತಾರೆ ಅಂತ ಎಷ್ಟು ಹೆದರಿದ್ದೆ! ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಇನ್ನು ಡಾಕ್ಟರ್ ಹತ್ರ ಹೋಗೋದೂ ಬೇಡ. ಏನಂತೀಯಾ?"

ಹೂಂ ಅಂದುಬಿಟ್ಟರೆ ಬದುಕು ಅವಳದು. ಆದರೆ ಮದುವೆಯಾದ ಮೇಲೂ ಅದೇ ಚಮಚ, ಅದೇ ಕಳ್ಳತನ, ಬದುಕಿಡೀ. ಹೇಳಿದರೆ? ಅವನ ಆ ಹಳೆಯ ಹೆದರಿಕೆಯನ್ನು ಅವಳೇ ನಿಜ ಮಾಡಿದ ಹಾಗೆ.

"ನಾನು ಬೆರೆಸ್ತಿದ್ದೆ," ಎಂದಳು.

"ಏನು?"

"ಡಾಕ್ಟರು ಬರೆದ ಔಷಧಿ. ಅಕ್ಕ ತಂದುಕೊಟ್ರು. ದಿನಾ, ನಿನ್ನ ರಸದಲ್ಲಿ... ತಪ್ಪಾಯ್ತು. ದೊಡ್ಡ ತಪ್ಪಾಯ್ತು! ಕ್ಷಮಿಸು ಅಂತ ಕೇಳೋ ಮುಖನೂ ಇಲ್ಲ ನನಗೆ."

ಅವನ ಮುಖದ ರಕ್ತ ಇಳಿದುಹೋಯಿತು.

"ಎಲ್ಲರೂ ನನಗೆ ಭ್ರಮೆ ಅಂದ್ರಿ. ನಾನೂ ಹೂಂ ಅಂತ ಒಪ್ಪಿಕೊಂಡೆ... ನಿಜವಾಗ್ಲೂ ಬೆರೆಸ್ತಿದ್ರಿ. ಅದೂ ನೀನು!"

ಚೀಲದಿಂದ ತನ್ನ ಗ್ಲಾಸು ತೆಗೆದು ಕೌಂಟರಿನ ಮೇಲೆ ಬೋರಲು ಹಾಕಿ ಹೊರಟುಹೋದ.

ಕನ್ನಡಕದ ಅಂಗಡಿಯ ಬಾಗಿಲು ಮುಚ್ಚಿತು. ದಿನಗಳು ಉರುಳಿದವು, ಬಾಗಿಲು ತೆರೆಯಲಿಲ್ಲ. ಅವಳು ಆ ಗ್ಲಾಸನ್ನು ದಿನವೂ ತೊಳೆದು ಅಲ್ಲೇ ಇಡುತ್ತಿದ್ದಳು.

ತಡೆಯಲಾರದೆ ಅವನ ಅಕ್ಕನ ಜೊತೆ ಡಾಕ್ಟರ ಬಳಿ ಹೋದಳು. ಎಲ್ಲವನ್ನೂ ಕೇಳಿದ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ!

"ಸ್ಕಿಜೋಫ್ರೇನಿಯಾ ಅನ್ನೋ ಈ ಕಾಯಿಲೆ ಯಾರ ತಪ್ಪೂ ಅಲ್ಲ. ಔಷಧಿ, ಮನೆಯವರ ಆಸರೆ, ಒಂದು ಕೆಲಸ ಇದ್ರೆ ಎಷ್ಟೋ ಜನ ಚೆನ್ನಾಗಿ ಬಾಳ್ತಾರೆ. ಆದ್ರೆ ಕದ್ದು ಕೊಟ್ಟಿದ್ದು ತಪ್ಪು. ಅವರಿಗೆ ಕಾಯಿಲೆ ಇರೋದೂ ನಿಜ, ನೀವು ಮೋಸ ಮಾಡಿದ್ದೂ ನಿಜ."

"ಔಷಧಿ ನಿಂತರೆ ದನಿಗಳು ಮತ್ತೆ ಬರ್ತವಾ ಮೇಡಂ?"

"ಬರಬಹುದು."

"ನಾನೇನು ಮಾಡ್ಲಿ?"

"ಅವರು ಕೇಳಿದಾಗ ನಿಜ ಹೇಳಿ. ಸದ್ಯಕ್ಕೆ ಅಷ್ಟೇ ನಿಮ್ಮ ಕೈಯಲ್ಲಿರೋದು."

ಅವನು ಕೇಳಲು ಬಂದರೆ ತಾನೇ! ಅಕ್ಕ ಕೊಡುತ್ತಿದ್ದ ಸುದ್ದಿಯೂ ಒಳ್ಳೆಯದಿರಲಿಲ್ಲ. ಮತ್ತೆ ಕೋಣೆ ಬಾಗಿಲು ಹಾಕಿಕೊಂಡಿದ್ದಾನೆ, ಮತ್ತೆ ಗೋಡೆಗೆ ಉತ್ತರ ಕೊಡುತ್ತಿದ್ದಾನೆ. 'ನನ್ನಿಂದಲೇ... ಎಲ್ಲಾ ನನ್ನಿಂದಲೇ,' ಎಂದು ಅವಳು ಹಣ್ಣಿನ ಬುಟ್ಟಿಯ ಹಿಂದೆ ಕೂತು ಅತ್ತಳು.

ಆಮೇಲೆ ಒಂದು ಬೆಳಿಗ್ಗೆ, ಎದುರಿನ ಅಂಗಡಿಯ ಶಟರ್ ಬಾಗಿಲು ಕಿರ್ರೆಂದು ಮೇಲೆದ್ದಿತು.

ಅವನು ರಸ್ತೆ ದಾಟಿ ಬಂದ. ಸೊರಗಿದ್ದ, ಗಡ್ಡ ಬಂದಿತ್ತು. ಆದರೆ ಕಣ್ಣು ಅವನದೇ. ಜೇಬಿನಿಂದ ಮಾತ್ರೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ನಾನೇ ಡಾಕ್ಟರ್ ಹತ್ರ ಹೋದೆ. ಇದೇನು, ಯಾಕೆ, ಏನಾಗುತ್ತೆ, ಎಲ್ಲಾ ಕೇಳಿದೆ. ಬಾಯಿ ಒಣಗುತ್ತಂತೆ, ನಿದ್ದೆ ಬರುತ್ತಂತೆ. ಈಗ ನಾನೇ ತಗೋತೀನಿ."

ಅವಳ ಮುಂದೆಯೇ ನುಂಗಿ ನೀರು ಕುಡಿದ.

"ದನಿಗಳು ವಾಪಸ್ ಬಂದ್ವು ಕಿತ್ತಳೆ. 'ಅವಳು ವಿಷ ಹಾಕಿದಳು' ಅಂತ ಒಂದೇ ಸಮ. ನಂಬಿಬಿಟ್ಟಿದ್ದೆ. ಆಮೇಲೆ ಒಂದು ಯೋಚನೆ ಬಂತು. ಈ ದನಿಗಳು ನನ್ನನ್ನ ಎಷ್ಟು ವರ್ಷ ಗೋಳು ಹೊಯ್ಕೊಂಡಿವೆ! ಒಂದು ಸಲನಾದ್ರೂ ತಪ್ಪಾಯ್ತು ಅಂದಿದಾವಾ? ನೀನು ಅಂದೆ. ನಾನು ಕೇಳದೇನೇ, ಮದುವೆ ಮಾತಾಡೋ ಹೊತ್ತಲ್ಲಿ ಹೇಳಿದೆ."

"ನಿನಗೆ ಮೋಸ ಮಾಡಿದೆನಲ್ಲ ನಾನು..."

"ಮಾಡಿದೆ. ಕೋಪ ಇನ್ನೂ ಇದೆ. ಅಕ್ಕನಿಗೂ ಹೇಳಿದೀನಿ. ಕೋಪ ಇಟ್ಕೊಂಡೇ ಬಂದಿದೀನಿ." ಕೌಂಟರಿನ ಒಳಗೆ ಬಂದ. "ಆ ಕಡೆ ಸರಿ. ಇವತ್ತು ಗಿರಾಕಿ ನೀನು."

ತೊಳೆದಿಟ್ಟಿದ್ದ ಗ್ಲಾಸು ತೆಗೆದುಕೊಂಡು ಅಡ್ಡಾದಿಡ್ಡಿ ಕಿತ್ತಳೆ ಕೊಯ್ದ. ಹಿಂಡುವಾಗ ಅರ್ಧ ರಸ ಅಂಗಿಯ ಮೇಲೆ! ಅವಳು ಅಳುತ್ತಲೇ ನಕ್ಕಳು. ಗ್ಲಾಸು ಕೈಗೆ ಬಂದೊಡನೆ ಕಣ್ಣು ಮುಚ್ಚಿ ತುಟಿಗಿಟ್ಟಳು.

"ತಡಿ! ಏನು ಬೆರೆಸಿದೆ ಅಂತ ಕೇಳಲ್ವಾ?"

"ಊಹೂಂ. ನಿನ್ನ ಮೇಲೆ ನಂಬಿಕೆ ಇದೆ."

"ನನಗೂ ಇತ್ತು. ನಂಬು, ಆದ್ರೂ ಕೇಳು."

ಅವಳು ಕಣ್ಣು ತೆರೆದಳು. "ಏನು ಬೆರೆಸಿದೆ?"

"ಏನೂ ಇಲ್ಲ. ಸಕ್ಕರೆ ಹಾಕೋದೂ ಮರೆತೆ."

ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಅಬ್ಬಾ, ಏನು ಹುಳಿ!"

"ಮದುವೆ ಆದ ಮೇಲೂ ದಿನಾ ಹೀಗೇ ಕೇಳ್ತೀಯಾ?"

"ದಿನಾ ಕೇಳ್ತೀನಿ. ನೀನೂ ಕೇಳ್ಬೇಕು."

"ಕೇಳಿದ್ರೆ?"

ಅವಳು ಎರಡೂ ಕೈ ಎತ್ತಿ ತೋರಿಸಿದಳು. "ದಿನಾ ಹೇಳ್ತೀನಿ."