ಕುವಾನಿಶ್ ಬರೆದ ಲೈಬ್ರರಿ

ಕರಗಂಡಾ ನಗರದ ಬಳಿಯ ನಮ್ಮ ಬಿಸಿನೀರಿನ ಸ್ಥಾವರದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕುವಾನಿಶ್ ಬಾಯ್ಲರಿನ ಹಬೆಗೆ ಸಿಕ್ಕಿ ಸತ್ತ. ಹಬೆಯ ವಾಲ್ವ್ ತೆರೆಯುವ ಲೈಬ್ರರಿ, ಅಂದರೆ ಪ್ರೋಗ್ರಾಂ ಬಳಸಿಕೊಳ್ಳುವ ಕೋಡಿನ ಫೈಲು, ಬರೆದವನೂ ಅವನೇ. ನಮ್ಮ ಲಿನಕ್ಸ್ ಪ್ರೋಗ್ರಾಂ ನಡೆಯುತ್ತಿರುವಾಗಲೇ ಬೇಕಾದ ಲೈಬ್ರರಿ ಫೈಲನ್ನು ಹೆಸರು ಹಿಡಿದು ಕರೆಸಿಕೊಳ್ಳುತ್ತದೆ. ಅವನು ಸತ್ತ ನಲವತ್ತನೇ ದಿನದ ತಿಥಿಯೂಟ ಮುಗಿಸಿ ಬಂದು, ಇನ್ನು ಆ ವಾಲ್ವ್ ತಾನಾಗಿ ತೆರೆಯಬಾರದೆಂದು, ಆ ಫೈಲನ್ನು ನಾನೇ ಅಳಿಸಿದೆ.

ಮರುದಿನ ಮಧ್ಯಾಹ್ನ ಪರದೆಯ ಮೇಲೆ ‘ಲೈಬ್ರರಿ ಸಿಕ್ಕಿತು’ ಎಂದು ಬಂತು. ಕೋಣೆಯಲ್ಲಿ, ಅವನು ಸತ್ತ ದಿನದ ಹಾಗೆಯೇ, ಉಣ್ಣೆ ಬೆಂದ ವಾಸನೆ. ಅವನ ಖಾಲಿ ಕುರ್ಚಿ ಮುಟ್ಟಿದರೆ ಬಿಸಿ.

“ಅಳಿಸಿದೆ ಅಂದ್ಯಲ್ಲೇ?” ಎಂದಳು ಮೇಲ್ವಿಚಾರಕಿ ರೌಜಾ ಅಕ್ಕ.

“ಅಳಿಸಿದೀನಿ ಅಕ್ಕಾ, ಡಿಸ್ಕಲ್ಲಿ ಇಲ್ವೇ ಇಲ್ಲ, ನೋಡು.”

“ಮತ್ತೆ ವಾಲ್ವ್ ತೆರೀತಿರೋದು ಯಾರು? ಒಳಗೆ ಓಲ್ಜಾಸ್ ಬಾಯ್ಲರ್ ತೊಳೀತಿದಾನೆ ಕಣೇ!”

ಕಂಪ್ಯೂಟರಿನ ಪ್ಲಗ್ ಕಿತ್ತೆ. ವಾಲ್ವ್ ನಿಂತಿತು. ಓಲ್ಜಾಸ್ ಬದುಕಿದ, ಆದರೆ ಎರಡೂ ಕಣ್ಣು ಹೋದವು.

ಸಂಜೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ ತೆಗೆದೆವು. ಪ್ಲಗ್ ಕಿತ್ತ ಮೇಲೆ, ಮತ್ತೆ ಹಾಕುವವರೆಗೆ ಅದು ಸತ್ತು ಬಿದ್ದಿದ್ದ ಹನ್ನೊಂದು ನಿಮಿಷಗಳಲ್ಲೂ, ನಿಮಿಷಕ್ಕೊಂದರಂತೆ ‘ಲೈಬ್ರರಿ ಸಿಕ್ಕಿತು’ ಎಂಬ ಹೊಸ ಸಾಲು ಬರೆದಿತ್ತು.