ಮೇಲೆ ಮನೆ, ಕೆಳಗೆ ಅಂಗಡಿ

"ಇಲ್ಲಿ ಟೈಲರ್ ಯಾರೂ ಇಲ್ಲ."

ಬಾಗಿಲಲ್ಲಿ ನಿಂತು ಹೀಗೆ ಹೇಳಿದ ತೃಪ್ತಿಯ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಒಳಗೆ ಅವಳ ಸೋದರಮಾವನ ಹೆಂಡತಿ ಮೋಹಿನಿ ಅತ್ತೆ ಹೊಲಿಗೆ ಮೆಷಿನ್ ಓಡಿಸುತ್ತಿದ್ದ ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ಎದುರಿಗಿದ್ದ ಯುವಕ ಟೇಪು ನೋಡಿದ, ಆಮೇಲೆ ಅವಳ ಮುಖ ನೋಡಿದ. ಬಂದ ನಗುವನ್ನು ಕಷ್ಟಪಟ್ಟು ನುಂಗಿಕೊಂಡ. ಅವನ ಕೊರಳಲ್ಲಿ ಐಡಿ ಕಾರ್ಡ್ ಇತ್ತು. ಅಭಿ, ಭೂಬಳಕೆ ಸಮೀಕ್ಷೆ, ಇಬ್ರಾ ನಗರ, ಒಮಾನ್. ಅದನ್ನು ಓದಿ, ಬಲದಿಯಾ ಎಂಬ ಅಲ್ಲಿನ ನಗರಸಭೆಯವನೆಂದು ಹೆದರಿಯೇ ತೃಪ್ತಿಯ ಬಾಯಿಂದ ಆ ಸುಳ್ಳು ಉದುರಿದ್ದು.

"ಹೋದ ತಿಂಗಳು ನಮ್ಮಮ್ಮ ಮೈಸೂರಿಂದ ಬಂದಿದ್ದಾಗ ಇಲ್ಲೇ ಬ್ಲೌಸ್ ಕೊಟ್ಟಿದ್ರಂತೆ. ಕಾಂತಾಮಣಿ ಅಂತ ಹೆಸರು."

"ಕಾಂತಾಮಣಿಯವರದ್ದಾ? ತೋಳು ಸ್ವಲ್ಪ ಸಡಿಲ ಇಡಿ ಅಂತ ಹೇಳಿದ್ರು, ನಾನು..." ತೃಪ್ತಿ ನಾಲಿಗೆ ಕಚ್ಚಿಕೊಂಡಳು.

ಈಗ ಅವನು ನಕ್ಕೇಬಿಟ್ಟ. 'ಅಯ್ಯೋ ದೇವರೇ, ಸಿಕ್ಕಿಬಿದ್ದೆ... ಅದೂ ಇಷ್ಟು ಚಂದ ನಗುವವನ ಕೈಯಲ್ಲಿ!' ಎಂದುಕೊಂಡಳು.

"ಹೆದರ್ಕೋಬೇಡಿ. ನಾನು ಬಲದಿಯಾದವನಲ್ಲ, ಕನ್ಸಲ್ಟೆನ್ಸಿಯವನು. ಯಾವ ಜಾಗದಲ್ಲಿ ಏನಿದೆ ಅಂತ ನೋಡಿ ನಕ್ಷೆಗೆ ಬಣ್ಣ ಹಚ್ಚೋದಷ್ಟೇ ನನ್ನ ಕೆಲಸ. ನಿಮ್ಮ ಬೀದಿಗೆ ಹಳದಿ."

"ಹಳದಿ ಅಂದ್ರೆ ಎಂತ?"

"ಬರೀ ವಾಸಕ್ಕೆ. ಅಂಗಡಿ, ವ್ಯಾಪಾರ ಏನೂ ಮಾಡೋ ಹಾಗಿಲ್ಲ."

"ಊರಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಅಂಗಡಿ ಉಂಟು. ಯಾರೂ ಬಂದು ಬಣ್ಣ ಕೇಳ್ಲಿಲ್ಲ."

ಅಭಿ ಬೀದಿಯತ್ತ ಕೈ ತೋರಿಸಿದ. ತೃಪ್ತಿಯ ಗಿರಾಕಿಯೊಬ್ಬಳ ಕಾರು ಪಕ್ಕದ ಮನೆಯ ಗೇಟಿಗೆ ಅಡ್ಡವಾಗಿ ನಿಂತಿತ್ತು. ಆ ಮನೆಯ ಯಜಮಾನ ತನ್ನ ಕಾರಿನಲ್ಲೇ ಕುಳಿತು ಹೊರಗೆ ಕಾಯುತ್ತಿದ್ದ.

"ನಿಯಮ ಇರೋದು ಇದಕ್ಕೇ ರೀ. ಅವರಿಗೂ ಮನೆಗೆ ಹೋಗ್ಬೇಕಲ್ವಾ?"

ತೃಪ್ತಿ ಗಿರಾಕಿಯನ್ನು ಕರೆದು ಕಾರು ತೆಗೆಸಿದಳು. ಅವನಿಗೆ ಚಹಾ ಕೊಟ್ಟಳು.

ಆ ಚಹಾದ ಮಹಿಮೆಯೋ ಏನೋ, ಅಭಿಗೆ ಹೊಲಿಸುವ ಕೆಲಸಗಳು ಒಂದರ ಹಿಂದೊಂದು ಹುಟ್ಟಿಕೊಂಡವು. ಬ್ಲೌಸಿನ ತೋಳು ಆಯಿತು, ಪ್ಯಾಂಟಿನ ಅಂಚು ಆಯಿತು. ಕೊನೆಗೆ ಕಿಟಕಿಯೇ ಇಲ್ಲದ ಗೋಡೆಗೆ ಪರದೆ ಬೇಕೆಂದು ಬಂದ. ಮೋಹಿನಿ ಅತ್ತೆ ಒಳಗಿನಿಂದ ಕೆಮ್ಮಿದರು. ತೃಪ್ತಿ ಮಾತ್ರ ಗಂಭೀರವಾಗಿ ಅಳತೆ ಬರೆದುಕೊಂಡಳು.

ಮಸ್ಕತ್ತಿನ ರೂವಿಯ ಅಂಗಡಿಯೊಂದರಲ್ಲಿ ಬೇರೆಯವರು ಹೊಲಿದ ಬಟ್ಟೆಗೆ ಗುಂಡಿ ಹಾಕಿ ಹಾಕಿ ಬೇಸತ್ತವಳು ಅವಳು. ಇಬ್ರಾದಲ್ಲಿ ಸೋದರಮಾವ ಕೊಗ್ಗರ ಮನೆಯ ಮುಂದಿನ ಕೋಣೆಯ ಈ ಹೊಲಿಗೆಯೇ ಅವಳ ಮೊದಲ ಸ್ವಂತ ಕೆಲಸ. ಇದು ನಿಂತರೆ ರೂವಿಗೆ ವಾಪಸು, ಅಲ್ಲಿ ಮತ್ತೆ ಗುಂಡಿ. ಆ ಭಯವನ್ನೂ ಅವಳು ಅಭಿಗೆ ಹೇಳಿಕೊಂಡಿದ್ದಳು.

ಒಂದು ಬೆಳಿಗ್ಗೆ ಅಭಿ ಬೀದಿಯಲ್ಲಿ ನಿಂತು ಅವರ ಮನೆಯ ಫೋಟೋ ತೆಗೆಯುವುದು ಕಂಡಿತು. ಮರುದಿನವೇ ಬಲದಿಯಾದ ಅಧಿಕಾರಿ ಬಂದರು. ಬಹಳ ಮರ್ಯಾದೆಯಿಂದ ಮಾತಾಡಿದರು, ಕೊಟ್ಟ ಚಹಾ ಕುಡಿದರು, ಇದು ವಾಸದ ಮನೆ, ಹೊಲಿಗೆ ನಿಲ್ಲಿಸಬೇಕು ಎಂದು ಹೇಳಿ ಹೋದರು.

ತೃಪ್ತಿ ನೆಟ್ಟಗೆ ಅಭಿಗೆ ಫೋನ್ ಮಾಡಿದಳು. "ಫೋಟೋ ಚಂದ ಬಂತಾ?"

"ಯಾವ ಫೋಟೋ?"

"ನನ್ನ ಚಹಾ ಕುಡಿದು ನನ್ನ ಕೆಲಸವನ್ನೇ ಮುಚ್ಚಿಸಿದ್ರಿ ಅಲ್ವಾ? ಖಲಾಸ್. ಇನ್ನು ಈ ಕಡೆ ಬರ್ಬೇಡಿ."

"ತೃಪ್ತಿ, ನಾನು..."

ಅವಳು ಫೋನ್ ಇಟ್ಟಳು. ಬಟ್ಟೆ ಮುಚ್ಚಿದ ಮೆಷಿನ್ ಮುಂದೆ ಕುಳಿತು ಮನಸಾರೆ ಅತ್ತಳು. 'ನಂಬಿದ್ದೆನಲ್ಲ... ನನ್ನ ಭಯವನ್ನೆಲ್ಲ ಹೇಳಿಕೊಂಡಿದ್ದೆನಲ್ಲ...'

ಮಧ್ಯಾಹ್ನ ಊಟಕ್ಕೆ ಬಂದ ಕೊಗ್ಗ ಮಾವ ವಿಷಯ ಕೇಳಿ ತಟ್ಟೆಯ ಮುಂದೆ ಪೆಚ್ಚಾದರು. "ಹಲ್ವ ತಿಂದೂ ಹೀಗೆ ಮಾಡಿದ್ರಲ್ಲ ಮಾರಾಯ್ತಿ."

"ಯಾವ ಹಲ್ವ, ಮಾವ?"

"ಬಾಳೆಹಣ್ಣಿನದ್ದು. ಊರಿಂದ ತರಿಸಿದ್ದು. ಮೊದಲೇ ಪರಿಚಯ ಮಾಡಿ ಇಟ್ರೆ ನಾಳೆ ತೊಂದರೆ ಇಲ್ಲ ಅಂತ ಮೊನ್ನೆ ಬಲದಿಯಾಕ್ಕೆ ಹೋಗಿದ್ದೆ. ನಮ್ಮ ಹುಡುಗಿ ಮನೆಯಲ್ಲೇ ಹೊಲೀತಾಳೆ, ನಿಮ್ಮ ಸಹಕಾರ ಇರ್ಲಿ ಅಂತ ಹೇಳಿ ಬಂದೆ. ಊರಿನ ಪಂಚಾಯತಿನಲ್ಲಿ ಹಾಗೇ ಅಲ್ವಾ ಮಾಡುದು?"

"ವಿಳಾಸವನ್ನೂ ಕೊಟ್ರಾ?" ಎಂದರು ಮೋಹಿನಿ ಅತ್ತೆ.

"ಕೊಡದೆ? ಮಸೀದಿಯ ಪಕ್ಕದ ದಾರಿ ಅಂತ ಗುರುತೂ ಹೇಳಿದ್ದೇನೆ."

"ಹಲ್ವಕ್ಕೆ ಹೆಸರಾದ ದೇಶದವರಿಗೆ ಹಲ್ವ ಕೊಟ್ಟು, ಕೇಳದವರಿಗೆ ವಿಳಾಸ ಕೊಟ್ಟು ಬಂದಿದ್ದೀರಿ. ನಿಮಗೆ ತಲೆ ಉಂಟಾ?"

ತೃಪ್ತಿ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು.

ಅಭಿಯ ಬಿಲ್ಡಿಂಗ್ ಮುಂದೆ ಹೋಗಿ ನೋಡಿದರೆ, ಅವನು ಸೂಟ್‌ಕೇಸು, ಕುಕ್ಕರಿನ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದ. ವಾಚ್‌ಮನ್ ಅಜ್ಮಲ್ ಹಿಂದಿಯಲ್ಲಿ ಸಮಾಧಾನ ಹೇಳುತ್ತಿದ್ದ. "ಅಮ್ಮ ಇರುವವರೆಗೆ ನೀವು ಫ್ಯಾಮಿಲಿ, ಸಾಬ್. ಅವರು ಊರಿಗೆ ಹೋದ ಮೇಲೆ ಬ್ಯಾಚುಲರ್. ಇದು ಫ್ಯಾಮಿಲಿಗಳ ಬಿಲ್ಡಿಂಗ್, ನಾನೇನು ಮಾಡಲಿ?"

ಊರಿಗೆಲ್ಲ ಬಣ್ಣ ಹಚ್ಚಿದವನು ತಾನೇ ಇರಬಾರದ ಜಾಗದಲ್ಲಿದ್ದ. ತೃಪ್ತಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ತಪ್ಪಾಯ್ತು. ಹೇಳಿದ್ದು ನೀವಲ್ಲ, ನಮ್ಮ ಮಾವ."

"ಫೋಟೋ ಎಲ್ಲ ಮನೇದೂ ತೆಗೀಬೇಕು ರೀ, ಸರ್ವೇಗೆ. ನೀವು ಹೇಳೋಕೇ ಬಿಡಲಿಲ್ಲ." ಅಭಿ ಎದ್ದು ನಿಂತ. "ಬನ್ನಿ, ಒಂದು ಜಾಗ ನೋಡಿದ್ದೀನಿ. ನೀವು ಬೈದು ಫೋನ್ ಇಟ್ಟ ತಕ್ಷಣ ಹುಡುಕೋಕೆ ಹೊರಟಿದ್ದೆ."

'ಬೈಸಿಕೊಂಡೂ ನನಗಾಗಿಯೇ ಹುಡುಕಿದನಾ?' ತೃಪ್ತಿ ಜೊತೆಗೆ ನಡೆದಳು.

ಸೂಕ್ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳ ಸಾಲು. ಅಲ್ಲಿ ವಾಸ, ವ್ಯಾಪಾರ ಎರಡಕ್ಕೂ ಒಪ್ಪಿಗೆ ಇತ್ತು, ಕಾರು ನಿಲ್ಲಿಸಲು ಜಾಗವೂ ಇತ್ತು. ಒಂದು ಕಟ್ಟಡದ ಒಡತಿ ರುಕಿಯಾ. ಟೈಲರಿಂಗ್ ಲೈಸೆನ್ಸ್ ಅವರ ಹೆಸರಲ್ಲೇ ಇತ್ತು, ಹೊಲಿಯುವವರು ಮಾತ್ರ ಇರಲಿಲ್ಲ. ತೃಪ್ತಿ ತೊಟ್ಟಿದ್ದ ಚೂಡಿದಾರದ ಹೊಲಿಗೆಯನ್ನು ತಿರುವಿ ನೋಡಿ ಅವರು ತಲೆಯಾಡಿಸಿದರು.

"ಅಂಗಡಿ, ಮನೆ ಎರಡೂ ಒಟ್ಟಿಗೇ ಕೊಡುವುದು," ಎಂದರು ಹರಕು ಹಿಂದಿಯಲ್ಲಿ. "ಅಂಗಡಿ ಈ ಹುಡುಗಿಗೆ. ಮೇಲಿನ ಮನೆ?"

ಅಭಿ ಗಂಟಲು ಸರಿಮಾಡಿಕೊಂಡ. "ನನಗೆ."

"ಒಂಟಿ ಗಂಡಸಿಗೆ ಕೊಡುವುದಿಲ್ಲ. ಫ್ಯಾಮಿಲಿಗೆ ಮಾತ್ರ."

ಅಭಿಯ ಮುಖ ಬಾಡಿತು. ತೃಪ್ತಿ ಖಾಲಿ ಅಂಗಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಫ್ಯಾಮಿಲಿಯೇ," ಎಂದಳು. "ಆಗ್ಲಿಕ್ಕೆ ಸ್ವಲ್ಪ ಟೈಮ್ ಬೇಕು, ಅಷ್ಟೇ."

ರುಕಿಯಾ ನಗುತ್ತಾ ಬೀಗದ ಕೈ ತರಲು ಒಳಗೆ ಹೋದರು. ಅಭಿ ಅವಳತ್ತ ತಿರುಗಿದ.

"ತೃಪ್ತಿ... ಅಂಗಡಿ ಕೈತಪ್ಪಬಾರದು ಅಂತ ಹೇಳಿದ್ದಾದ್ರೆ, ಬೇಡ. ನಾನು ಬೇರೆ ಜಾಗ ಹುಡುಕಿ ಕೊಡ್ತೀನಿ."

"ಇವತ್ತು ಕೆಲಸ ನಿಂತಾಗ ಅತ್ತುಬಿಟ್ಟೆ ನಾನು. ಕೆಲಸ ಹೋಯ್ತು ಅಂತ ಅಲ್ಲ. ನೀವು ಹಾಗೆ ಮಾಡಿದ್ರಲ್ಲ ಅಂತ." ಅವಳ ಕಣ್ಣು ತುಂಬಿತ್ತು. "ಈಗ್ಲಾದ್ರೂ ಗೊತ್ತಾಯ್ತಾ?"

ಅಭಿ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. "ನನಗೆ ಎಲ್ಲದಕ್ಕೂ ಅನುಮತಿ ಕೇಳಿ ಅಭ್ಯಾಸ ರೀ. ಕೈ ಹಿಡ್ಕೋಬಹುದಾ?"

"ನೀವು ಹೀಗೆ ಕೇಳ್ತಾ ನಿಂತ್ರೆ ರುಕಿಯಾ ಬೇರೆಯವರಿಗೆ ಮನೆ ಕೊಟ್ಟಾರು," ಎಂದು ತೃಪ್ತಿ ತಾನೇ ಅವನ ಕೈ ಹಿಡಿದಳು.